ಧಾರ್ಮಿಕ ಶಾಲೆಗಳ ಶಿಕ್ಷಕರು: ಉದ್ಯೋಗ ತಾರತಮ್ಯ ಮತ್ತು ಅದರ ತಡೆ

ಚರ್ಚು, ಮಠ, ಮಸೀದಿ, ಮಿಷನ್ ಅಥವಾ ಧಾರ್ಮಿಕ ಟ್ರಸ್ಟ್ ನಡೆಸುವ ಶಾಲೆಗಳಲ್ಲಿ ಪಾಠ ಹೇಳುವ ಶಿಕ್ಷಕರನ್ನು ಧರ್ಮ, ಜಾತಿ, ಲಿಂಗ, ಮದುವೆ, ಬಸಿರು, ವಯಸ್ಸು, ಕಾಯಿಲೆ, ಅಂಗವೈಕಲ್ಯ, ಲೈಂಗಿಕ ಒಲವು ಮೊದಲಾದ ಕಾರಣಗಳಿಗಾಗಿ ನೇಮಕ, ಸಂಬಳ, ಬಡ್ತಿ, ವಜಾ ವಿಷಯಗಳಲ್ಲಿ ಭೇದದಿಂದ ಕಾಣುವುದುಂಟು. ಅದನ್ನು ತಡೆಯಲು ಬೇರೆ ಬೇರೆ ದೇಶಗಳು ಮಾಡಿಕೊಂಡ ಕಾನೂನು, ನ್ಯಾಯಾಲಯಗಳು ಕೊಟ್ಟ ತೀರ್ಪು, ಆಡಳಿತಗಳು ಕಂಡುಕೊಂಡ ದಾರಿಗಳ ಸಮೀಕ್ಷೆ ಈ ಲೇಖನ. ಉಳಿದ ಕೆಲಸದ ಜಾಗಗಳಿಗಿಂತ ಇಲ್ಲಿನ ಪ್ರಶ್ನೆ ತೊಡಕಿನದು. ತನ್ನ ನಂಬಿಕೆಯನ್ನು ಮುಂದಿನ ತಲೆಮಾರಿಗೆ ದಾಟಿಸುವ, ಆ ಕೆಲಸಕ್ಕೆ ತಕ್ಕವರನ್ನು ತಾನೇ ಆರಿಸಿಕೊಳ್ಳುವ ಹಕ್ಕು ಧಾರ್ಮಿಕ ಸಮುದಾಯಕ್ಕಿದೆ. ಸರಿಯಾಗಿ ಪಾಠ ಮಾಡುತ್ತಿರುವಷ್ಟು ಕಾಲ ಅನ್ನಕ್ಕೆ ಕುತ್ತು ಬಾರದಂತೆ ಬಾಳುವ ಹಕ್ಕು ಶಿಕ್ಷಕರಿಗಿದೆ. ಎರಡೂ ನಿಜವಾದ ಹಕ್ಕುಗಳು. ಮೊದಲನೆಯದರ ಗಡಿ ಎಲ್ಲಿ ಮುಗಿಯುತ್ತದೆ ಎಂಬಲ್ಲಿ ವಿವಾದ ಹುಟ್ಟುತ್ತದೆ.

ನ್ಯಾಯಾಲಯದ ಮೆಟ್ಟಿಲೇರಿದ ಪ್ರಕರಣಗಳನ್ನು ಒಟ್ಟಿಗೆ ಇಟ್ಟು ಓದಿದವರಿಗೆ ಒಂದು ಸಂಗತಿ ಎದ್ದು ಕಾಣುತ್ತದೆ. ಧರ್ಮಗ್ರಂಥವನ್ನು ತಪ್ಪಾಗಿ ಕಲಿಸಿದರೆಂದು ಕೆಲಸ ಕಳೆದುಕೊಂಡ ಶಿಕ್ಷಕರು ಅಪರೂಪ. ಕಾಯಿಲೆ ಬಿದ್ದವರು, ವಯಸ್ಸಾದವರು, ಬಸುರಾದವರು, ಸಂಸ್ಥೆ ಒಪ್ಪದ ಮದುವೆಯಾದವರು, ಸಂಬಳ ಕೇಳಿದವರು ಹೆಚ್ಚು. ಧರ್ಮಕ್ಕೆಂದು ಕೊಟ್ಟ ರಿಯಾಯಿತಿ ಧರ್ಮಕ್ಕೆ ಸಂಬಂಧವೇ ಇಲ್ಲದ ಕಡೆ ಬಳಕೆಯಾಗದಂತೆ ನೋಡಿಕೊಳ್ಳುವುದೇ ತಾರತಮ್ಯ ತಡೆಯ ಮುಖ್ಯ ಕೆಲಸ. ದೇಶದೇಶಗಳ ಅನುಭವವನ್ನು ಇಲ್ಲಿ ಅದೇ ಒರೆಗೆ ಹಚ್ಚಿ ನೋಡಲಾಗಿದೆ.

ಅಂತರರಾಷ್ಟ್ರೀಯ ಮಾನದಂಡ

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1958ರ 111ನೇ ಒಡಂಬಡಿಕೆ ಉದ್ಯೋಗದಲ್ಲಿ ಜನಾಂಗ, ಬಣ್ಣ, ಲಿಂಗ, ಧರ್ಮ, ರಾಜಕೀಯ ಅಭಿಪ್ರಾಯ, ಹುಟ್ಟು ಮೊದಲಾದ ನೆಲೆಯ ಭೇದವನ್ನು ನಿಷೇಧಿಸುತ್ತದೆ. ಭಾರತ ಅದನ್ನು 1960ರಲ್ಲಿ ಅನುಮೋದಿಸಿತು. ಆ ಒಡಂಬಡಿಕೆಯಲ್ಲೇ ಒಂದು ವಿನಾಯಿತಿ ಇದೆ: ಒಂದು ಹುದ್ದೆಯ ಸ್ವರೂಪವೇ ಕೇಳುವ ಅರ್ಹತೆಯನ್ನು ನೋಡಿ ಆಯ್ಕೆ ಮಾಡುವುದು ತಾರತಮ್ಯವಲ್ಲ. ಧರ್ಮಬೋಧೆಯ ಹುದ್ದೆಗೆ ಆ ಧರ್ಮದವರೇ ಬೇಕೆನ್ನುವುದು ಈ ವಿನಾಯಿತಿಯೊಳಗೆ ಬರುತ್ತದೆ. ಗಣಿತದ ಹುದ್ದೆಗೆ ಹಾಗೆನ್ನಲು ಸಂಸ್ಥೆ ಕಾರಣ ತೋರಿಸಬೇಕಾಗುತ್ತದೆ.

1966ರ ಅಕ್ಟೋಬರ್ 5ರಂದು ಯುನೆಸ್ಕೊ ಮತ್ತು ಕಾರ್ಮಿಕ ಸಂಘಟನೆ ಸೇರಿ ಶಿಕ್ಷಕರ ಸ್ಥಾನಮಾನ ಕುರಿತ ಶಿಫಾರಸನ್ನು ಅಂಗೀಕರಿಸಿದವು. ವಿಶ್ವ ಶಿಕ್ಷಕರ ದಿನವನ್ನು ಅಕ್ಟೋಬರ್ 5ರಂದು ಆಚರಿಸುವುದು ಅದರ ನೆನಪಿಗೆ. ಮದುವೆಯಾದ ಕಾರಣಕ್ಕೆ ಮಹಿಳೆಗೆ ಶಿಕ್ಷಕಿಯ ಕೆಲಸ ತಪ್ಪಬಾರದು, ಹೆರಿಗೆಯ ಕಾರಣಕ್ಕೆ ಯಾರನ್ನೂ ತೆಗೆಯಬಾರದು, ಶಿಸ್ತುಕ್ರಮಕ್ಕೆ ಮೊದಲು ಆರೋಪವನ್ನು ಲಿಖಿತವಾಗಿ ತಿಳಿಸಿ ಸಮರ್ಥನೆಗೆ ಅವಕಾಶ ಕೊಡಬೇಕು ಎಂಬ ಮಾತುಗಳು ಅದರಲ್ಲಿವೆ. ಶಿಫಾರಸಿಗೆ ಕಾನೂನಿನ ಬಲವಿಲ್ಲ. ಆದರೂ ಖಾಸಗಿ ಶಾಲೆ, ಸರ್ಕಾರಿ ಶಾಲೆ ಎಂದು ಬೇರ್ಪಡಿಸದೆ ಬರೆದಿರುವುದರಿಂದ ಅದರ ಮಾತಿಗೆ ಇಂದಿಗೂ ಬೆಲೆಯಿದೆ.

ಅಮೆರಿಕ: ಧರ್ಮಬೋಧಕ ವಿನಾಯಿತಿ

ಈ ಪ್ರಶ್ನೆ ಅತಿ ಹೆಚ್ಚು ಚರ್ಚೆಯಾಗಿರುವ ದೇಶ ಅಮೆರಿಕ. 1964ರ ನಾಗರಿಕ ಹಕ್ಕುಗಳ ಕಾಯ್ದೆ ಉದ್ಯೋಗದಲ್ಲಿ ತಾರತಮ್ಯವನ್ನು ನಿಷೇಧಿಸಿತು. ಧಾರ್ಮಿಕ ಸಂಸ್ಥೆಗಳು ಮಾತ್ರ ತಮ್ಮ ಧರ್ಮದವರನ್ನೇ ನೇಮಿಸಿಕೊಳ್ಳಬಹುದು ಎಂದಿತು. ಇದು ಶಾಸಕಾಂಗ ಕೊಟ್ಟ ವಿನಾಯಿತಿ. ಅದು ಧರ್ಮದ ನೆಲೆಯ ಆಯ್ಕೆಗೆ ಸಂಬಂಧಿಸಿದ್ದೇ ಹೊರತು ಲಿಂಗ, ವಯಸ್ಸು, ಕಾಯಿಲೆಗಳ ನೆಲೆಯ ಭೇದಕ್ಕೆ ಅನುಮತಿಯಲ್ಲ. ಇದರಾಚೆಗೆ ನ್ಯಾಯಾಲಯಗಳೇ ಸಂವಿಧಾನದ ಮೊದಲ ತಿದ್ದುಪಡಿಯಿಂದ ಇನ್ನೊಂದು ವಿನಾಯಿತಿಯನ್ನು ಹೊರತೆಗೆದವು. ಪಾದ್ರಿ, ಬೋಧಕರಂಥ ಧರ್ಮಸೇವಕರನ್ನು ಇಟ್ಟುಕೊಳ್ಳುವ, ಬಿಡುವ ತೀರ್ಮಾನದಲ್ಲಿ ಸರ್ಕಾರ ತಲೆಹಾಕುವಂತಿಲ್ಲ ಎಂಬುದು ಅದರ ಸಾರ. 1972ರಲ್ಲಿ ಸಾಲ್ವೇಶನ್ ಆರ್ಮಿ ಸಂಸ್ಥೆಯ ಮಹಿಳಾ ಅಧಿಕಾರಿಯೊಬ್ಬರ ಪ್ರಕರಣದಲ್ಲಿ ಮೇಲ್ಮನವಿ ನ್ಯಾಯಾಲಯ ಇದಕ್ಕೆ ತಳಹದಿ ಹಾಕಿತು. ಶಾಲೆಯ ಶಿಕ್ಷಕರು ಧರ್ಮಸೇವಕರೇ ಎಂಬ ಪ್ರಶ್ನೆ ನಾಲ್ಕು ದಶಕ ಸುಪ್ರೀಂ ಕೋರ್ಟಿನವರೆಗೆ ಬರಲಿಲ್ಲ.

ಬಂದದ್ದು ಹೊಸಾನಾ-ತಾಬೋರ್ ಪ್ರಕರಣದಲ್ಲಿ. ಮಿಶಿಗನ್ ರಾಜ್ಯದ ರೆಡ್‌ಫರ್ಡ್ ಊರಿನ ಲೂಥರನ್ ಶಾಲೆಯಲ್ಲಿ ನಾಲ್ಕನೇ ತರಗತಿಯ ಟೀಚರ್ ಒಬ್ಬರು ಗಣಿತ, ವಿಜ್ಞಾನ, ಸಂಗೀತದಂಥ ವಿಷಯಗಳ ಜೊತೆ ವಾರಕ್ಕೆ ನಾಲ್ಕು ದಿನ ಧರ್ಮಪಾಠವನ್ನೂ ಹೇಳುತ್ತಿದ್ದರು, ದಿನಕ್ಕೆ ಮೂರು ಬಾರಿ ಮಕ್ಕಳಿಂದ ಪ್ರಾರ್ಥನೆ ಮಾಡಿಸುತ್ತಿದ್ದರು. ಧರ್ಮದ ಕೆಲಸಗಳನ್ನೆಲ್ಲ ಕೂಡಿದರೆ ದಿನಕ್ಕೆ 45 ನಿಮಿಷ. ಇದೇ ಕೆಲಸವನ್ನು ಯಾವ ಧಾರ್ಮಿಕ ಬಿರುದೂ ಇಲ್ಲದ ಸಾಮಾನ್ಯ ಶಿಕ್ಷಕರೂ ಮಾಡುತ್ತಿದ್ದರು. ಈಕೆಗಾದರೋ ಚರ್ಚಿನ ಸಭೆ ವಿಧಿವತ್ತಾಗಿ ಬೋಧಕಿಯ ಸ್ಥಾನ ಕೊಟ್ಟಿತ್ತು. 2004ರಲ್ಲಿ ಇದ್ದಕ್ಕಿದ್ದಂತೆ ನಿದ್ದೆ ಆವರಿಸುವ ನಾರ್ಕೊಲೆಪ್ಸಿ ಕಾಯಿಲೆ ಬಂದು ರಜೆ ಹಾಕಿದರು. ಗುಣವಾಗಿ ಮರಳುತ್ತೇನೆಂದಾಗ ಶಾಲೆ ಬೇರೆಯವರನ್ನು ನೇಮಿಸಿಕೊಂಡಿತ್ತು. ಶಾಂತವಾಗಿ ಬಿಟ್ಟುಹೋಗಿ ಎಂದಿತು. ವೈದ್ಯರು ಅನುಮತಿ ಕೊಟ್ಟ ದಿನ, 2005ರ ಫೆಬ್ರವರಿಯಲ್ಲಿ, ಆಕೆ ಶಾಲೆಗೆ ಬಂದು, ತಾನು ಹಾಜರಾಗಿದ್ದೇನೆಂದು ಬರಹದಲ್ಲಿ ಕೊಡುವವರೆಗೆ ಕದಲುವುದಿಲ್ಲ ಎಂದರು. ನ್ಯಾಯಾಲಯಕ್ಕೆ ಹೋಗುವೆನೆಂದೂ ಹೇಳಿದರು. ಭಕ್ತರ ಜಗಳ ಸಭೆಯೊಳಗೇ ತೀರಬೇಕೆಂಬ ಶ್ರದ್ಧೆಯನ್ನು ಮುರಿದಿದ್ದಾರೆಂದು ಸಂಸ್ಥೆ ಆಕೆಯನ್ನು ವಜಾ ಮಾಡಿತು. ಅಂಗವೈಕಲ್ಯ ಕಾಯ್ದೆಯಡಿ ಹೂಡಿದ ದಾವೆ 2012ರ ಜನವರಿ 11ರಂದು ಬಿದ್ದುಹೋಯಿತು. ಒಂಬತ್ತೂ ನ್ಯಾಯಮೂರ್ತಿಗಳ ಒಮ್ಮತದ ತೀರ್ಪನ್ನು ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಬರೆದರು. ಬಿರುದು, ತರಬೇತಿ, ತನ್ನನ್ನು ತಾನು ಬೋಧಕಿಯೆಂದು ಕರೆದುಕೊಂಡದ್ದು, ಮಾಡುತ್ತಿದ್ದ ಕೆಲಸ ಇವನ್ನೆಲ್ಲ ಒಟ್ಟಾಗಿ ನೋಡಿ ಈಕೆ ಧರ್ಮಸೇವಕಿ ಎಂದರು. ಕೆಲಸವನ್ನು ಗಡಿಯಾರ ನೋಡಿ ಅಳೆಯಲಾಗದು ಎಂಬುದು ತೀರ್ಪಿನ ಧೋರಣೆ.

ಆ ತೀರ್ಪಿಗೆ ಕನಿಷ್ಠ ಒಂದು ಮಿತಿ ಇತ್ತು: ಬಿರುದು ಮತ್ತು ತರಬೇತಿ ಲೆಕ್ಕಕ್ಕೆ ಬರುತ್ತಿದ್ದವು. 2020ರ ಜುಲೈ 8ರ ಅವರ್ ಲೇಡಿ ಆಫ್ ಗ್ವಾಡಲೂಪ್ ತೀರ್ಪು ಅದನ್ನೂ ಸಡಿಲಿಸಿತು. ಕ್ಯಾಲಿಫೋರ್ನಿಯದ ಎರಡು ಕ್ಯಾಥೊಲಿಕ್ ಪ್ರಾಥಮಿಕ ಶಾಲೆಗಳ ಇಬ್ಬರು ಶಿಕ್ಷಕಿಯರ ದಾವೆಗಳವು. ಒಬ್ಬರು ತಮ್ಮನ್ನು ಬಿಟ್ಟದ್ದು ವಯಸ್ಸಿನ ಕಾರಣಕ್ಕೆ ಎಂದಿದ್ದರು. ಇನ್ನೊಬ್ಬರು ಸ್ತನ ಕ್ಯಾನ್ಸರ್ ಚಿಕಿತ್ಸೆಗೆ ರಜೆ ಕೇಳಿದ ಮೇಲೆ ಕರಾರು ನವೀಕರಣವಾಗಲಿಲ್ಲ ಎಂದಿದ್ದರು. ಅವರು ತೀರ್ಪು ಬರುವ ಮೊದಲೇ ತೀರಿಕೊಂಡರು. ಇಬ್ಬರಿಗೂ ಬೋಧಕಿಯ ಬಿರುದಿರಲಿಲ್ಲ. ನಂಬಿಕೆಯನ್ನು ಕಲಿಸುವುದೇ ಶಾಲೆಯ ತಿರುಳು, ಶಿಕ್ಷಕಿಯರು ಆ ಕೆಲಸದಲ್ಲಿ ಪಾಲುಗೊಂಡಿದ್ದರು, ಆದ್ದರಿಂದ ನ್ಯಾಯಾಲಯ ಒಳಹೊಗುವಂತಿಲ್ಲ ಎಂದು ಏಳು ನ್ಯಾಯಮೂರ್ತಿಗಳು ಹೇಳಿದರು. ಸೊನಿಯಾ ಸೊಟೊಮೇಯರ್ ಬರೆದ ಭಿನ್ನಮತಕ್ಕೆ ರೂತ್ ಬೇಡರ್ ಗಿನ್ಸ್‌ಬರ್ಗ್ ದನಿಗೂಡಿಸಿದರು.

ಈ ವಿನಾಯಿತಿಯ ಒಂದು ಗುಣವನ್ನು ಬಿಡಿಸಿ ಹೇಳಬೇಕು, ಏಕೆಂದರೆ ಅನ್ಯಾಯದ ಬೇರು ಅಲ್ಲಿದೆ. ವಜಾಕ್ಕೆ ಧಾರ್ಮಿಕ ಕಾರಣ ಇತ್ತು ಎಂದು ಶಾಲೆ ತೋರಿಸಬೇಕಾಗಿಲ್ಲ. ಶಿಕ್ಷಕರು ಧರ್ಮಸೇವಕರು ಎಂದು ಒಮ್ಮೆ ಸಾಬೀತಾದರೆ ಸಾಕು, ಕಾರಣವನ್ನು ಯಾರೂ ಕೇಳುವಂತಿಲ್ಲ. ಕ್ಯಾನ್ಸರ್ ಬಂದವರನ್ನು ಕೆಲಸದಿಂದ ಬಿಡಿಸಬೇಕೆಂದು ಯಾವ ಕ್ಯಾಥೊಲಿಕ್ ಬೋಧೆಯೂ ಹೇಳುವುದಿಲ್ಲ. ಆದರೂ ದಾವೆ ವಿಚಾರಣೆಗೇ ಬರಲಿಲ್ಲ. ಶ್ರದ್ಧೆಯನ್ನು ಕಾಯಲೆಂದು ಹುಟ್ಟಿದ ನಿಯಮ ಆಡಳಿತಗಾರರನ್ನು ಕಾಯುವ ನಿಯಮವಾಗಿ ಬೆಳೆದಿದೆ ಎನ್ನದೆ ವಿಧಿಯಿಲ್ಲ.

ಕೆಳ ನ್ಯಾಯಾಲಯಗಳು ಮತ್ತು ರಾಜ್ಯಗಳ ನ್ಯಾಯಾಲಯಗಳು ಒಂದೇ ದಾರಿ ಹಿಡಿದಿಲ್ಲ. ಮ್ಯಾಸಚೂಸೆಟ್ಸ್‌ನ ಅತ್ಯುಚ್ಚ ನ್ಯಾಯಾಲಯ 2021ರಲ್ಲಿ ಗಾರ್ಡನ್ ಕಾಲೇಜಿನ ಸಮಾಜಕಾರ್ಯ ಪ್ರಾಧ್ಯಾಪಕಿ ಧರ್ಮಸೇವಕಿಯಲ್ಲ ಎಂದಿತು. ನ್ಯೂಜೆರ್ಸಿಯ ಅತ್ಯುಚ್ಚ ನ್ಯಾಯಾಲಯ 2023ರಲ್ಲಿ, ಮದುವೆಯಾಗದೆ ಬಸುರಾದ ಚಿತ್ರಕಲೆ ಟೀಚರನ್ನು ಕ್ಯಾಥೊಲಿಕ್ ಶಾಲೆ ತೆಗೆದದ್ದನ್ನು ಎತ್ತಿಹಿಡಿಯಿತು. ಅಲ್ಲಿ ಆಧಾರವಾದದ್ದು ರಾಜ್ಯದ ಕಾಯ್ದೆಯಲ್ಲೇ ಇದ್ದ ವಿನಾಯಿತಿ. ಉತ್ತರ ಕೆರೊಲಿನದ ಕ್ಯಾಥೊಲಿಕ್ ಪ್ರೌಢಶಾಲೆಯೊಂದರ ಇಂಗ್ಲಿಷ್ ಮತ್ತು ನಾಟಕದ ಮೇಷ್ಟ್ರು ತಮ್ಮ ಪುರುಷ ಸಂಗಾತಿಯನ್ನು ಮದುವೆಯಾಗುವೆನೆಂದು ಫೇಸ್‌ಬುಕ್‌ನಲ್ಲಿ ಬರೆದದ್ದಕ್ಕೆ ಕೆಲಸ ಕಳೆದುಕೊಂಡರು. ಧರ್ಮಪಾಠ ಅವರ ಮುಖ್ಯ ಕೆಲಸವಲ್ಲದಿದ್ದರೂ 2024ರಲ್ಲಿ ಮೇಲ್ಮನವಿ ನ್ಯಾಯಾಲಯ ಅವರನ್ನೂ ಧರ್ಮಸೇವಕರ ಸಾಲಿಗೆ ಸೇರಿಸಿತು.

ಸಂಬಳದ ವಿಷಯದಲ್ಲಿ ಹಿಂದಿನ ಎರಡು ತೀರ್ಪುಗಳು ಶಿಕ್ಷಕಿಯರ ಪರವಾಗಿದ್ದವು. ಗಂಡಸೇ ಮನೆಯ ಯಜಮಾನನೆಂಬ ಬೈಬಲ್ ವ್ಯಾಖ್ಯಾನವನ್ನು ಮುಂದಿಟ್ಟು ಕ್ಯಾಲಿಫೋರ್ನಿಯದ ಫ್ರೀಮಾಂಟ್ ಕ್ರಿಶ್ಚಿಯನ್ ಶಾಲೆ ಮದುವೆಯಾದ ಶಿಕ್ಷಕಿಯರಿಗೆ ಆರೋಗ್ಯ ವಿಮೆ ಕೊಡುತ್ತಿರಲಿಲ್ಲ. ವರ್ಜೀನಿಯದ ಶೆನಾಂಡೊವ ಬ್ಯಾಪ್ಟಿಸ್ಟ್ ಚರ್ಚಿನ ಶಾಲೆ ಮದುವೆಯಾದ ಗಂಡಸರಿಗೆ ಮಾತ್ರ ಹೆಚ್ಚುವರಿ ಭತ್ಯೆ ಕೊಡುತ್ತಿತ್ತು. 1986 ಮತ್ತು 1990ರಲ್ಲಿ ಮೇಲ್ಮನವಿ ನ್ಯಾಯಾಲಯಗಳು ಎರಡನ್ನೂ ತಳ್ಳಿಹಾಕಿದವು. ಸಮಾನ ಕೆಲಸಕ್ಕೆ ಸಮಾನ ಸಂಬಳ ಕೊಟ್ಟರೆ ಯಾರ ಶ್ರದ್ಧೆಗೂ ಭಂಗವಿಲ್ಲ ಎಂಬ ಈ ತಿಳುವಳಿಕೆ ಮುಂದಿನ ವರ್ಷಗಳಲ್ಲಿ ಬೆಳೆಯಲಿಲ್ಲ. ಇದಕ್ಕೂ ಮೊದಲೇ, 1979ರಲ್ಲಿ, ಚರ್ಚ್ ಶಾಲೆಗಳ ಶಿಕ್ಷಕರ ಸಂಘಗಳ ಮೇಲೆ ರಾಷ್ಟ್ರೀಯ ಕಾರ್ಮಿಕ ಸಂಬಂಧ ಮಂಡಳಿಗೆ ಅಧಿಕಾರವಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತ್ತು. ಸಂಘ ಕಟ್ಟಿ ಮಾತಾಡುವ ದಾರಿ ಹೀಗೆ ಕಿರಿದಾಯಿತು.

ಐರ್ಲೆಂಡ್ ಮತ್ತು ಯುರೋಪ್

ಐರ್ಲೆಂಡಿನ ಹತ್ತು ಪ್ರಾಥಮಿಕ ಶಾಲೆಗಳಲ್ಲಿ ಸುಮಾರು ಒಂಬತ್ತು ಕ್ಯಾಥೊಲಿಕ್ ಚರ್ಚಿನ ಆಶ್ರಯದವು, ಸಂಬಳ ಕೊಡುವುದು ಸರ್ಕಾರ. ಧಾರ್ಮಿಕ ಶಾಲೆ ಬೇಡವೆಂದು ಬೇರೆ ಕಡೆ ಹೋಗೋಣವೆಂದರೆ ಶಿಕ್ಷಕರಿಗೆ ಜಾಗವೇ ಇಲ್ಲದ ಸ್ಥಿತಿ. ವೆಕ್ಸ್‌ಫರ್ಡ್ ಪ್ರಾಂತ್ಯದ ನ್ಯೂ ರಾಸ್ ಊರಿನಲ್ಲಿ ಸನ್ಯಾಸಿನಿಯರು ನಡೆಸುತ್ತಿದ್ದ ಪ್ರೌಢಶಾಲೆ 1982ರಲ್ಲಿ ಒಬ್ಬ ಶಿಕ್ಷಕಿಯನ್ನು ವಜಾ ಮಾಡಿತು. ಹೆಂಡತಿಯಿಂದ ದೂರವಾಗಿದ್ದ ಗಂಡಸಿನ ಜೊತೆ ಆಕೆ ಸಂಸಾರ ಮಾಡುತ್ತಿದ್ದರು, ಮಗುವೂ ಆಗಿತ್ತು. ವಿಚ್ಛೇದನವೇ ಕಾನೂನುಬಾಹಿರವಾಗಿದ್ದ ದೇಶದಲ್ಲಿ ಅವರು ಮದುವೆಯಾಗುವ ದಾರಿಯೂ ಇರಲಿಲ್ಲ. ಉದ್ಯೋಗ ನ್ಯಾಯಮಂಡಳಿ, ಸರ್ಕೀಟ್ ಕೋರ್ಟ್, 1985ರಲ್ಲಿ ಹೈಕೋರ್ಟ್, ಮೂರೂ ಕಡೆ ಆಕೆ ಸೋತರು. ಫ್ಲಿನ್ ಪ್ರಕರಣವೆಂದು ಹೆಸರಾದ ಇದು ಐರಿಶ್ ಶಿಕ್ಷಕರ ಮನಸ್ಸಿನಲ್ಲಿ ಮೂರು ದಶಕ ಭಯವಾಗಿ ಉಳಿಯಿತು.

1998ರ ಉದ್ಯೋಗ ಸಮಾನತೆ ಕಾಯ್ದೆಯ 37ನೇ ಕಲಮು ಶಾಲೆಯ ಧಾರ್ಮಿಕ ಸ್ವರೂಪವನ್ನು ಕಾಪಾಡಲು ಕ್ರಮ ಕೈಗೊಳ್ಳಬಹುದೆಂದು ಅದೇ ಭಯವನ್ನು ಕಾನೂನಿನಲ್ಲಿ ಉಳಿಸಿತು. ಆ ಕಲಮಿನಡಿ ವಜಾ ಆದವರಿಗಿಂತ ಅದಕ್ಕೆ ಹೆದರಿ ಬಾಯಿಮುಚ್ಚಿಕೊಂಡವರು ಹೆಚ್ಚು. ಸಲಿಂಗಿ ಶಿಕ್ಷಕರು ಶಿಕ್ಷಕರ ಕೊಠಡಿಯಲ್ಲಿ ಮನೆಯ ಮಾತೇ ಎತ್ತುತ್ತಿರಲಿಲ್ಲ. ಶಿಕ್ಷಕರ ಸಂಘಗಳು ವರ್ಷಗಟ್ಟಲೆ ಹೋರಾಡಿದ ಫಲವಾಗಿ 2015ರ ಡಿಸೆಂಬರಿನಲ್ಲಿ ತಿದ್ದುಪಡಿ ಬಂತು. ಸರ್ಕಾರದ ಹಣ ಪಡೆಯುವ ಶಾಲೆ ಈಗ ಧರ್ಮದ ನೆಲೆಯಲ್ಲಿ ಮಾತ್ರ, ಅದೂ ಹುದ್ದೆಗೆ ಅಗತ್ಯವೆಂದು ತೋರಿಸಿ, ತಪ್ಪಿಗೆ ತಕ್ಕಷ್ಟೇ ಕ್ರಮ ಕೈಗೊಳ್ಳಬಹುದು. ಲಿಂಗ, ಮದುವೆ, ಲೈಂಗಿಕ ಒಲವುಗಳನ್ನು ಧರ್ಮದ ಹೆಸರಲ್ಲಿ ಎಳೆತರುವಂತಿಲ್ಲ. ಭಾರತಕ್ಕೆ ಮಾದರಿ ಹುಡುಕುವವರು ನೋಡಬೇಕಾದದ್ದು ಈ ತಿದ್ದುಪಡಿಯನ್ನು. ಅದು ಶಾಲೆಯ ಧರ್ಮವನ್ನು ಮುಟ್ಟಿಲ್ಲ, ಕಾರಣ ಹೇಳುವ ಭಾರವನ್ನು ಮಾತ್ರ ಶಾಲೆಯ ಮೇಲೆ ಹಾಕಿದೆ.

ಯುರೋಪಿಯನ್ ಒಕ್ಕೂಟದ 2000ನೇ ಇಸವಿಯ ಉದ್ಯೋಗ ಸಮಾನತೆ ನಿರ್ದೇಶನವೂ ಇದೇ ಜಾಡಿನದು. 2018ರ ಎಗನ್‌ಬರ್ಗರ್ ತೀರ್ಪಿನಲ್ಲಿ ಒಕ್ಕೂಟದ ನ್ಯಾಯಾಲಯ, ಹುದ್ದೆಗೆ ಇಂಥ ಧರ್ಮ ಬೇಕೆಂಬ ಚರ್ಚಿನ ಮಾತನ್ನು ಹಾಗೆಯೇ ಒಪ್ಪಬೇಕಿಲ್ಲ, ಅದು ನಿಜಕ್ಕೂ ಅಗತ್ಯವೇ ಎಂದು ನ್ಯಾಯಾಲಯ ಪರಿಶೀಲಿಸಬಹುದು ಎಂದಿತು. ಅದೇ ವರ್ಷ ಮರುಮದುವೆಯಾದ ಜರ್ಮನಿಯ ಕ್ಯಾಥೊಲಿಕ್ ಆಸ್ಪತ್ರೆಯ ವೈದ್ಯರೊಬ್ಬರ ಪ್ರಕರಣದಲ್ಲೂ ಇದೇ ನಿಲುವು ತಳೆಯಿತು. 2022ರ ಜನವರಿಯಲ್ಲಿ ಜರ್ಮನಿಯ ಕ್ಯಾಥೊಲಿಕ್ ಚರ್ಚಿನ 125 ಮಂದಿ ಸೇವಕರು, ಅವರಲ್ಲಿ ಧರ್ಮಪಾಠದ ಶಿಕ್ಷಕರೂ ಇದ್ದರು, ತಮ್ಮ ಲೈಂಗಿಕ ಗುರುತನ್ನು ಒಟ್ಟಾಗಿ ಬಹಿರಂಗಪಡಿಸಿದರು. ಆ ವರ್ಷದ ನವೆಂಬರಿನಲ್ಲಿ ಬಿಷಪರ ಸಭೆ ಉದ್ಯೋಗ ನಿಯಮಗಳನ್ನು ತಿದ್ದಿ, ನೌಕರರ ಖಾಸಗಿ ಬದುಕು ಸಾಮಾನ್ಯವಾಗಿ ಶಿಸ್ತುಕ್ರಮದ ವಿಷಯವಲ್ಲ ಎಂದಿತು. ಧಾರ್ಮಿಕ ಸಂಸ್ಥೆಯೊಂದು ತಾನಾಗಿ ಮುಂದಿಟ್ಟ ಹೆಜ್ಜೆಗಳಲ್ಲಿ ಇದು ದೊಡ್ಡದು.

ಇಂಗ್ಲೆಂಡಿನ ಪದ್ಧತಿ ಸರಳ. ಚರ್ಚು ಮತ್ತು ಸರ್ಕಾರ ಸೇರಿ ನಡೆಸುವ ಒಂದು ಬಗೆಯ ಶಾಲೆಗಳಲ್ಲಿ ಧರ್ಮಬೋಧೆಗೆಂದು ಕಾದಿರಿಸುವ ಹುದ್ದೆಗಳು ಒಟ್ಟು ಶಿಕ್ಷಕರ ಐದನೇ ಒಂದು ಭಾಗವನ್ನು ಮೀರುವಂತಿಲ್ಲ. ಉಳಿದವರ ಧರ್ಮವನ್ನು ಕೇಳುವಂತಿಲ್ಲ. ಆಡಳಿತ ಬಹುಮಟ್ಟಿಗೆ ಚರ್ಚಿನ ಕೈಯಲ್ಲಿರುವ ಶಾಲೆಗಳಿಗೆ ಹೆಚ್ಚಿನ ಸ್ವಾತಂತ್ರ್ಯವಿದೆ. ಉತ್ತರ ಐರ್ಲೆಂಡಿನಲ್ಲಿ ನ್ಯಾಯಯುತ ಉದ್ಯೋಗ ಕಾನೂನಿನಿಂದ ಶಿಕ್ಷಕರನ್ನು ಹೊರಗಿಟ್ಟಿದ್ದ ಹಳೆಯ ವಿನಾಯಿತಿಯನ್ನು 2022ರಲ್ಲಿ ಶಾಸನಸಭೆಯೇ ತೆಗೆದುಹಾಕಿತು.

ಕೆನಡಾ, ಆಸ್ಟ್ರೇಲಿಯ

ಕೆನಡಾದ ಸುಪ್ರೀಂ ಕೋರ್ಟ್ 1984ರಲ್ಲಿ, ವಿಚ್ಛೇದಿತರನ್ನು ಮದುವೆಯಾದ ಕ್ಯಾಥೊಲಿಕ್ ಶಿಕ್ಷಕಿಯ ಕರಾರನ್ನು ನವೀಕರಿಸದ ಶಾಲೆಯ ಪರ ನಿಂತಿತು. 1998ರಲ್ಲಿ ಆಲ್ಬರ್ಟಾದ ಕ್ರೈಸ್ತ ಕಾಲೇಜಿನಿಂದ ಸಲಿಂಗಿಯೆಂದು ವಜಾ ಆದ ಪ್ರಯೋಗಾಲಯ ಸಂಯೋಜಕರ ಪ್ರಕರಣದಲ್ಲಿ, ಪ್ರಾಂತ್ಯದ ಹಕ್ಕುಗಳ ಕಾಯ್ದೆಯಲ್ಲಿ ಇಲ್ಲದಿದ್ದ ಲೈಂಗಿಕ ಒಲವಿನ ರಕ್ಷಣೆಯನ್ನು ತಾನೇ ಅದರೊಳಗೆ ಸೇರಿಸಿ ಓದಿತು. ಆಸ್ಟ್ರೇಲಿಯದ 1984ರ ಲಿಂಗ ತಾರತಮ್ಯ ಕಾಯ್ದೆಯ 38ನೇ ಕಲಮು ಧಾರ್ಮಿಕ ಶಾಲೆಗಳಿಗೆ ವಿಶಾಲ ವಿನಾಯಿತಿ ಕೊಡುತ್ತದೆ. ಅದನ್ನು ರದ್ದು ಮಾಡಬೇಕೆಂದು ಅಲ್ಲಿನ ಕಾನೂನು ಸುಧಾರಣಾ ಆಯೋಗ 2024ರಲ್ಲಿ ಶಿಫಾರಸು ಮಾಡಿತು. ವಿಕ್ಟೋರಿಯ ರಾಜ್ಯ 2021ರಲ್ಲೇ ಕಾನೂನು ತಿದ್ದಿ, ಧರ್ಮಕ್ಕೆ ಹೊಂದಿಕೊಳ್ಳುವುದು ಆ ಹುದ್ದೆಯ ಅನಿವಾರ್ಯ ಅಗತ್ಯವಾಗಿದ್ದರೆ ಮಾತ್ರ ಧರ್ಮದ ನೆಲೆಯ ತೀರ್ಮಾನಕ್ಕೆ ಅವಕಾಶ ಎಂದಿತು.

ಭಾರತ

ಭಾರತದಲ್ಲಿ ಪ್ರಶ್ನೆ ಬೇರೆ ಬಾಗಿಲಿನಿಂದ ಬಂತು. ಸಂವಿಧಾನದ 30(1)ನೇ ವಿಧಿ ಧಾರ್ಮಿಕ ಮತ್ತು ಭಾಷಿಕ ಅಲ್ಪಸಂಖ್ಯಾತರಿಗೆ ತಮ್ಮ ಇಷ್ಟದ ಶಿಕ್ಷಣ ಸಂಸ್ಥೆಗಳನ್ನು ಕಟ್ಟಿ ನಡೆಸುವ ಹಕ್ಕು ಕೊಟ್ಟಿದೆ. ಶಿಕ್ಷಕರ ಸೇವಾಭದ್ರತೆಗೆ ಸರ್ಕಾರ ಮಾಡುವ ನಿಯಮ ಈ ಹಕ್ಕನ್ನು ಮುರಿಯುತ್ತದೆಯೇ ಎಂಬುದು ನಮ್ಮಲ್ಲಿನ ಚರ್ಚೆ. ಮೊದಲ ಉತ್ತರ ಕೇರಳದಿಂದ. ಮುಖ್ಯಮಂತ್ರಿ ಇ.ಎಂ.ಎಸ್. ನಂಬೂದಿರಿಪಾಡ್ ಅವರ ಸರ್ಕಾರದ ಶಿಕ್ಷಣ ಸಚಿವ ಜೋಸೆಫ್ ಮುಂಡಶ್ಶೇರಿ 1957ರಲ್ಲಿ ತಂದ ಶಿಕ್ಷಣ ಮಸೂದೆ ಅನುದಾನಿತ ಶಾಲೆಗಳ ಶಿಕ್ಷಕರಿಗೆ ಸಂಬಳವನ್ನು ಸರ್ಕಾರವೇ ನೇರವಾಗಿ ಕೊಡುವ, ಅನುಮತಿಯಿಲ್ಲದೆ ವಜಾ ಮಾಡದಂತೆ ತಡೆಯುವ ಕಲಮುಗಳನ್ನು ಒಳಗೊಂಡಿತ್ತು. ರಾಷ್ಟ್ರಪತಿಗಳು ಸುಪ್ರೀಂ ಕೋರ್ಟಿನ ಅಭಿಪ್ರಾಯ ಕೇಳಿದರು. 1958ರ ಮೇ ತಿಂಗಳಲ್ಲಿ ಮುಖ್ಯ ನ್ಯಾಯಮೂರ್ತಿ ಎಸ್.ಆರ್. ದಾಸ್ ಅವರ ಪೀಠ, ಆಡಳಿತ ನಡೆಸುವ ಹಕ್ಕಿನಲ್ಲಿ ಕೆಟ್ಟ ಆಡಳಿತ ನಡೆಸುವ ಹಕ್ಕು ಸೇರಿಲ್ಲ ಎಂದಿತು. ಶಿಕ್ಷಕರ ರಕ್ಷಣೆಯ ಕಲಮುಗಳು ಅಲ್ಪಸಂಖ್ಯಾತರ ಹಕ್ಕನ್ನು ಉಲ್ಲಂಘಿಸುವ ಅಂಚಿಗೆ ಬಂದಿವೆ, ಆದರೂ ಅನುದಾನಕ್ಕೆ ಒಡ್ಡುವ ಷರತ್ತಾಗಿ ಸದ್ಯಕ್ಕೆ ಒಪ್ಪಬಹುದು ಎಂಬುದು ಅದರ ಅಭಿಪ್ರಾಯ.

1974ರ ಅಹಮದಾಬಾದ್ ಸೇಂಟ್ ಝೇವಿಯರ್ಸ್ ಕಾಲೇಜು ಪ್ರಕರಣದಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಗೆರೆಯನ್ನು ಇನ್ನಷ್ಟು ಸ್ಪಷ್ಟಗೊಳಿಸಿತು. ಕುಲಪತಿಗಳ ಒಪ್ಪಿಗೆಯಿಲ್ಲದೆ ಶಿಕ್ಷಕರನ್ನು ವಜಾ ಮಾಡುವಂತಿಲ್ಲ ಎಂಬ ಗುಜರಾತಿನ ನಿಯಮ ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಅನ್ವಯಿಸದು ಎಂದಿತು, ಏಕೆಂದರೆ ಯಾವ ಆಧಾರದ ಮೇಲೆ ಒಪ್ಪಬೇಕು, ನಿರಾಕರಿಸಬೇಕು ಎಂಬ ಮಾರ್ಗಸೂಚಿಯೇ ಅದರಲ್ಲಿರಲಿಲ್ಲ. ಅಧಿಕಾರಿಯೊಬ್ಬರ ಮರ್ಜಿಗೆ ಬಿಡುವ ಪೂರ್ವಾನುಮತಿಗಿಂತ, ವಜಾ ಆದ ಮೇಲೆ ನ್ಯಾಯಾಂಗದ ವ್ಯಕ್ತಿ ನಡೆಸುವ ಮೇಲ್ಮನವಿ ಸಂವಿಧಾನಕ್ಕೆ ಹೆಚ್ಚು ಒಪ್ಪುತ್ತದೆ ಎಂಬ ವಿಚಾರ ಇಲ್ಲಿಂದ ಬಲಿಯಿತು.

ದೆಹಲಿಯ ಫ್ರಾಂಕ್ ಆಂಟನಿ ಪಬ್ಲಿಕ್ ಸ್ಕೂಲಿನ ನೌಕರರ ಸಂಘ ಗೆದ್ದ 1986ರ ತೀರ್ಪು ಸಂಬಳದ ಮಟ್ಟಿಗೆ ಮೈಲಿಗಲ್ಲು. ದೆಹಲಿ ಶಾಲಾ ಶಿಕ್ಷಣ ಕಾಯ್ದೆ 1973 ಖಾಸಗಿ ಶಾಲೆಗಳ ಶಿಕ್ಷಕರಿಗೆ ಸರ್ಕಾರಿ ಶಾಲೆಗಿಂತ ಕಡಿಮೆಯಿಲ್ಲದ ಸಂಬಳ, ಶಿಸ್ತುಕ್ರಮದ ಪದ್ಧತಿ, ಮೇಲ್ಮನವಿ ಎಲ್ಲವನ್ನೂ ಕೊಟ್ಟಿತ್ತು; ಅನುದಾನರಹಿತ ಅಲ್ಪಸಂಖ್ಯಾತ ಶಾಲೆಗಳನ್ನು ಮಾತ್ರ 12ನೇ ಕಲಮು ಹೊರಗಿಟ್ಟಿತ್ತು. ನ್ಯಾಯಮೂರ್ತಿ ಒ. ಚಿನ್ನಪ್ಪ ರೆಡ್ಡಿ ಆ ಕಲಮನ್ನು ವಜಾಕ್ಕೆ ಪೂರ್ವಾನುಮತಿ ಬೇಕೆಂಬ ಒಂದಂಶದ ಮಟ್ಟಿಗೆ ಉಳಿಸಿ, ಮಿಕ್ಕಂತೆ ಅಸಿಂಧುವೆಂದರು. ಶಿಕ್ಷಕರಿಗೆ ಸಂಬಳ ಕಡಿಮೆ ಕೊಡುವುದು ಅಲ್ಪಸಂಖ್ಯಾತರ ಹಕ್ಕಿನ ಭಾಗವಲ್ಲ ಎಂಬುದು ತೀರ್ಪಿನ ತಾತ್ಪರ್ಯ. ಅಮೆರಿಕದ ತೀರ್ಪುಗಳ ಪಕ್ಕದಲ್ಲಿಟ್ಟು ನೋಡಿದರೆ ಇದರ ತೂಕ ಗೊತ್ತಾಗುತ್ತದೆ.

ಈ ಸರಣಿಯ ದೊಡ್ಡ ತೀರ್ಪು ಕರ್ನಾಟಕದ್ದು. ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ 2002ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಖಾಸಗಿ ಸಂಸ್ಥೆಗಳ ಸ್ವಾಯತ್ತತೆಯನ್ನು ಎತ್ತಿಹಿಡಿಯಿತು. ಪತ್ರಿಕೆಗಳಲ್ಲಿ ಸುದ್ದಿಯಾದದ್ದು ಶುಲ್ಕ ಮತ್ತು ಸೀಟು. ಅದೇ ತೀರ್ಪಿನಲ್ಲಿ ಶಿಕ್ಷಕರ ಬಗ್ಗೆಯೂ ಮಾತಿದೆ: ವಿಚಾರಣೆ ನಡೆಸಿ ಶಿಸ್ತುಕ್ರಮ ಕೈಗೊಳ್ಳುವ ಅಧಿಕಾರ ಆಡಳಿತ ಮಂಡಳಿಯದು, ಅದಕ್ಕೆ ಪೂರ್ವಾನುಮತಿ ಬೇಕಿಲ್ಲ, ಆದರೆ ನೊಂದ ನೌಕರರಿಗೆ ಜಿಲ್ಲಾ ನ್ಯಾಯಾಧೀಶರ ದರ್ಜೆಯವರ ನ್ಯಾಯಮಂಡಳಿ ಇರಬೇಕು. ಕರ್ನಾಟಕ ಇದಕ್ಕೆ ಬಹಳ ಮೊದಲೇ, 1975ರ ಖಾಸಗಿ ಶಿಕ್ಷಣ ಸಂಸ್ಥೆಗಳ ಶಿಸ್ತು ಮತ್ತು ನಿಯಂತ್ರಣ ಕಾಯ್ದೆಯಲ್ಲೇ, ಶೈಕ್ಷಣಿಕ ಮೇಲ್ಮನವಿ ನ್ಯಾಯಮಂಡಳಿಗೆ ಅವಕಾಶ ಮಾಡಿತ್ತು. ಕರ್ನಾಟಕ ಶಿಕ್ಷಣ ಕಾಯ್ದೆ 1983 ಅದನ್ನು ಮುಂದುವರಿಸಿದೆ. ಆರೋಪ ತಿಳಿಸಿ, ವಿಚಾರಣೆ ನಡೆಸಿ, ಉತ್ತರಕ್ಕೆ ಅವಕಾಶ ಕೊಟ್ಟ ಮೇಲಷ್ಟೇ ವಜಾ ಅಥವಾ ಹಿಂಬಡ್ತಿ ಎಂದು ಅದರ 92ನೇ ಕಲಮು ಹೇಳುತ್ತದೆ. 94ನೇ ಕಲಮು ಮೇಲ್ಮನವಿಯದು.

ಬಹುಸಂಖ್ಯಾತ ಧರ್ಮದ ಮಠ, ಟ್ರಸ್ಟುಗಳ ಶಾಲೆಗಳಿಗೆ 30ನೇ ವಿಧಿಯ ಆಸರೆ ಇಲ್ಲ. ಪಶ್ಚಿಮ ಬಂಗಾಳದಲ್ಲಿ ರಾಮಕೃಷ್ಣ ಮಿಷನ್ನಿನ ಕಾಲೇಜೊಂದರ ಅಧ್ಯಾಪಕರು ನೇಮಕದ ವಿಷಯವಾಗಿ ನ್ಯಾಯಾಲಯಕ್ಕೆ ಹೋದಾಗ ಮಿಷನ್ ತನ್ನದು ಪ್ರತ್ಯೇಕ ಧರ್ಮವೆಂದು ವಾದಿಸಿತು; ಸುಪ್ರೀಂ ಕೋರ್ಟ್ 1995ರಲ್ಲಿ ಒಪ್ಪಲಿಲ್ಲ. ಕಾಂಟಾಯ್ ಮದರಸಾ ಪ್ರಕರಣದಲ್ಲಿ, 2020ರ ಜನವರಿಯಲ್ಲಿ, ಅನುದಾನಿತ ಮದರಸಾಗಳ ಶಿಕ್ಷಕರನ್ನು ಸೇವಾ ಆಯೋಗದ ಮೂಲಕ ಆರಿಸುವ ಬಂಗಾಳದ ಕಾಯ್ದೆಯನ್ನು ನ್ಯಾಯಾಲಯ ಎತ್ತಿಹಿಡಿಯಿತು. ಧರ್ಮ, ಭಾಷೆ, ಸಂಸ್ಕೃತಿಗೆ ಹತ್ತಿರದ ಶಿಕ್ಷಣ ಬೇರೆ, ಗಣಿತ ವಿಜ್ಞಾನಗಳಂಥ ಲೌಕಿಕ ಶಿಕ್ಷಣ ಬೇರೆ; ಎರಡನೆಯದರಲ್ಲಿ ಯೋಗ್ಯತೆಯೇ ಅಳತೆಗೋಲು ಎಂದಿತು. ಐರ್ಲೆಂಡ್ ಮತ್ತು ವಿಕ್ಟೋರಿಯ ಶಾಸನದಿಂದ ಕಂಡುಕೊಂಡ ಭೇದವನ್ನು ನಮ್ಮ ನ್ಯಾಯಾಲಯ ವ್ಯಾಖ್ಯಾನದಿಂದ ಕಂಡುಕೊಂಡಿದೆ.

ಪ್ರಾರ್ಥನೆಯ ವಿಷಯದಲ್ಲಿ ನಾಸಿಕ್‌ನ ಮೇಷ್ಟ್ರೊಬ್ಬರ ಪ್ರಕರಣ ಉಲ್ಲೇಖನೀಯ. ಅವರ ಶಾಲೆ ಧಾರ್ಮಿಕ ಶಾಲೆಯಲ್ಲ; ಆದರೂ ಬೆಳಗಿನ ಪ್ರಾರ್ಥನೆಯಲ್ಲಿ ಕೈಮುಗಿಯಲಿಲ್ಲವೆಂದು ಮೇಲಿನ ವೇತನ ಶ್ರೇಣಿಯನ್ನು ತಡೆಹಿಡಿಯಲಾಗಿತ್ತು. ಕೈಮುಗಿಯುವಂತೆ ಒತ್ತಾಯಿಸುವುದು ಮೂಲಭೂತ ಹಕ್ಕಿನ ಉಲ್ಲಂಘನೆ ಎಂದು 2013ರಲ್ಲಿ ಬಾಂಬೆ ಹೈಕೋರ್ಟ್ ಹೇಳಿತು.

ಹೀಗೆ ವಜಾ ವಿಷಯದಲ್ಲಿ ಭಾರತದ ಶಿಕ್ಷಕರ ಸ್ಥಿತಿ ಅಮೆರಿಕದವರಿಗಿಂತ ಮೇಲು. ನೇಮಕ ಮತ್ತು ಬಡ್ತಿಯ ವಿಷಯದಲ್ಲಿ ಹಾಗೆನ್ನಲಾಗದು. ಸಂವಿಧಾನದ 15 ಮತ್ತು 16ನೇ ವಿಧಿಗಳು ಮುಖ್ಯವಾಗಿ ಸರ್ಕಾರವನ್ನು ಕಟ್ಟಿಹಾಕುತ್ತವೆ. ಖಾಸಗಿ ಶಾಲೆ ಜಾತಿ, ಧರ್ಮ ನೋಡಿ ಅರ್ಜಿ ಬದಿಗಿಟ್ಟರೆ ಹಿಡಿದು ಕೇಳುವ ಸಮಗ್ರ ಕಾನೂನು ದೇಶದಲ್ಲಿಲ್ಲ. ಶಶಿ ತರೂರ್ ಖಾಸಗಿ ಸದಸ್ಯರಾಗಿ ಮಂಡಿಸಿದ್ದ ತಾರತಮ್ಯ ವಿರೋಧಿ ಮಸೂದೆ ಕಾಯ್ದೆಯಾಗಲಿಲ್ಲ. ಶಿಕ್ಷಕರು ಕೈಗಾರಿಕಾ ವಿವಾದ ಕಾಯ್ದೆಯ ಅರ್ಥದಲ್ಲಿ ಕಾರ್ಮಿಕರಲ್ಲ ಎಂದು 1988ರ ಸುಂದರಾಂಬಾಳ್ ತೀರ್ಪು ಹೇಳಿದ್ದರಿಂದ ಕಾರ್ಮಿಕ ನ್ಯಾಯಾಲಯದ ದಾರಿಯೂ ಮುಚ್ಚಿತು. ಗ್ರಾಚ್ಯುಟಿಗಾಗಿ ಖಾಸಗಿ ಶಾಲೆಗಳ ಶಿಕ್ಷಕರು 2009ರ ತಿದ್ದುಪಡಿಯವರೆಗೆ, ಅದರ ಸಿಂಧುತ್ವಕ್ಕಾಗಿ 2022ರ ತೀರ್ಪಿನವರೆಗೆ ಕಾಯಬೇಕಾಯಿತು. ಬಿಡಿಬಿಡಿಯಾಗಿ ಕೆಲವು ರಕ್ಷಣೆಗಳಿವೆ: ಬಸುರಿ, ಬಾಣಂತಿಯರನ್ನು ರಜೆಯಲ್ಲಿದ್ದಾಗ ತೆಗೆಯಬಾರದೆಂಬ 1961ರ ಹೆರಿಗೆ ಸೌಲಭ್ಯ ಕಾಯ್ದೆಯ ರಕ್ಷಣೆಯನ್ನು 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಉಳಿಸಿಕೊಂಡಿದೆ; 2013ರ ಕಾಯ್ದೆ ಹತ್ತು ಅಥವಾ ಹೆಚ್ಚು ಮಂದಿ ನೌಕರರಿರುವ ಕಡೆ ಲೈಂಗಿಕ ಕಿರುಕುಳದ ಆಂತರಿಕ ಸಮಿತಿಯನ್ನು ಕಡ್ಡಾಯ ಮಾಡಿದೆ; 2017ರ ಎಚ್‌ಐವಿ ಕಾಯ್ದೆ ಖಾಸಗಿ ಸಂಸ್ಥೆಗಳಿಗೂ ಅನ್ವಯಿಸುತ್ತದೆ. ಧಾರ್ಮಿಕ ಶಾಲೆಗೆ ಇವುಗಳಿಂದ ರಿಯಾಯಿತಿಯಿಲ್ಲ.

ನಮ್ಮ ಊರುಗಳಲ್ಲಿ ದಿನನಿತ್ಯ ಕಾಣುವ ಭೇದ ಇನ್ನೊಂದು ಬಗೆಯದು. ಒಂದೇ ಕಾಂಪೌಂಡಿನಲ್ಲಿ ಅನುದಾನಿತ ಹುದ್ದೆಯ ಮೇಷ್ಟ್ರು ಸರ್ಕಾರಿ ವೇತನ ಶ್ರೇಣಿಯಲ್ಲಿರುತ್ತಾರೆ. ಪಕ್ಕದ ತರಗತಿಯಲ್ಲಿ ಅದೇ ಪಾಠ ಹೇಳುವ, ಮ್ಯಾನೇಜ್‌ಮೆಂಟ್ ನೇಮಿಸಿದ ಟೀಚರ್ ಅದರ ಸಣ್ಣ ಪಾಲಿಗೆ ದುಡಿಯುತ್ತಾರೆ. ನೇಮಕಾತಿ ಆದೇಶ ಕೈಗೆ ಬಂದಿರುವುದಿಲ್ಲ, ಮಾರ್ಚ್‌ನಲ್ಲಿ ಕೆಲಸ ಮುಗಿದು ಜೂನ್‌ನಲ್ಲಿ ಮತ್ತೆ ಶುರುವಾಗುತ್ತದೆ. ಮುಂದಿನ ಜೂನ್‌ನಲ್ಲಿ ಕರೆಯದೆ ಬಿಟ್ಟರೆ ವಜಾ ಆದೇಶವೇ ಇಲ್ಲ, ಮೇಲ್ಮನವಿ ಯಾವುದರ ಮೇಲೆ? ಅಂಥವರಲ್ಲಿ ಮಹಿಳೆಯರೇ ಹೆಚ್ಚು. ತಾರತಮ್ಯಕ್ಕೆ ಕಾರಣ ಹೇಳಬೇಕಾದ ಪ್ರಸಂಗವೇ ಬಾರದಂತೆ ಮಾಡುವ ಈ ಪದ್ಧತಿ ಧಾರ್ಮಿಕ ಶಾಲೆಗಳಿಗೆ ಮಾತ್ರ ಸೇರಿದ್ದಲ್ಲ, ಎಲ್ಲ ಖಾಸಗಿ ಶಾಲೆಗಳ ರೋಗ. ಸೇವೆಯೇ ಧರ್ಮವೆನ್ನುವ ಸಂಸ್ಥೆಗಳಲ್ಲಿ ಅದು ಹೆಚ್ಚು ನೋಯಿಸುತ್ತದೆ.

ತಡೆಯ ಕ್ರಮಗಳು

ಮೇಲಿನ ಅನುಭವಗಳಿಂದ ಹೊರಡುವ ಮೊದಲ ಕ್ರಮ, ಯಾವ ಹುದ್ದೆಗೆ ಧರ್ಮ ಬೇಕು ಎಂಬುದನ್ನು ಜಾಹೀರಾತಿನಲ್ಲೇ ಬರೆಯುವುದು. ಧರ್ಮಪಾಠದ, ಪೂಜೆ ಪ್ರಾರ್ಥನೆ ನಡೆಸುವ ಹುದ್ದೆಗಳ ಪಟ್ಟಿ ಮೊದಲೇ ಇದ್ದರೆ, ಕಾಯಿಲೆ ಬಿದ್ದ ಮೇಲೆ ಗಣಿತದ ಟೀಚರನ್ನು ಧರ್ಮಸೇವಕಿ ಎನ್ನಲಾಗದು. ಎರಡನೆಯದು ನಡವಳಿಕೆಯ ನಿಯಮ. ಸಂಸ್ಥೆ ಶಿಕ್ಷಕರಿಂದ ಏನನ್ನು ಬಯಸುತ್ತದೆ ಎಂಬುದು ನೇಮಕಾತಿ ಆದೇಶದ ಜೊತೆಗೇ ಕೈಗೆ ಬರಬೇಕು, ಗಂಡಸರಿಗೂ ಹೆಂಗಸರಿಗೂ ಒಂದೇ ಬಗೆಯಲ್ಲಿ ಜಾರಿಯಾಗಬೇಕು. ಬಸಿರು ಹೆಂಗಸಿನ ಮೈಮೇಲೆ ಮಾತ್ರ ಕಾಣುವುದರಿಂದ ನೈತಿಕತೆಯ ನಿಯಮಗಳ ಬರೆ ಬೀಳುವುದು ಅವರ ಮೇಲೆಯೇ.

ಕಾಯಿಲೆ ಮತ್ತು ಹೆರಿಗೆ ರಜೆಯಿಂದ ಮರಳುವ ಕ್ರಮ ಲಿಖಿತವಾಗಿರಬೇಕು. ಹೊಸಾನಾ-ತಾಬೋರ್ ಪ್ರಕರಣದ ಮೂಲ ಜಗಳ ಧರ್ಮದ್ದಲ್ಲ, ರಜೆ ಮುಗಿಸಿ ಬಂದವರಿಗೆ ಕುರ್ಚಿ ಇಲ್ಲದ್ದು. ಆಯ್ಕೆ ಮತ್ತು ಬಡ್ತಿ ಸಮಿತಿಯಲ್ಲಿ ಸಂಸ್ಥೆಯ ಹೊರಗಿನ ವಿಷಯ ತಜ್ಞರೊಬ್ಬರಿರುವುದು, ಅಂಕಗಳನ್ನು ದಾಖಲಿಸುವುದು ಖರ್ಚಿನ ಕೆಲಸವಲ್ಲ. ಅನುದಾನ ಕೊಡುವ ಸರ್ಕಾರ ಈ ದಾಖಲೆಗಳನ್ನು ಕೇಳಬಹುದು, ಕೇಳಬೇಕು. 30ನೇ ವಿಧಿಗೆ ಇದರಿಂದ ಭಂಗವಿಲ್ಲವೆಂದು 1958ರಿಂದ ಬಂದ ತೀರ್ಪುಗಳನ್ನು ಓದಿದರೆ ತಿಳಿಯುತ್ತದೆ.

ಇವೆಲ್ಲಕ್ಕಿಂತ ಹೆಚ್ಚು ಕೆಲಸ ಮಾಡುವುದು ಹೊರಗಿನ ಕಿವಿ. ಸಂಸ್ಥೆಯೊಳಗಿನ ದೂರು ಸಮಿತಿ ಎಷ್ಟೇ ಒಳ್ಳೆಯದಿರಲಿ, ಬಿಷಪರ, ಮಠಾಧೀಶರ, ಟ್ರಸ್ಟಿಗಳ ಮಾತನ್ನು ಮೀರಿ ತೀರ್ಪು ಕೊಡುವುದು ಅದರ ಸದಸ್ಯರಿಗೆ ಕಷ್ಟ. ಸ್ವತಂತ್ರ ನ್ಯಾಯಾಧೀಶರ ಮುಂದೆ ಕಾರಣ ಹೇಳಬೇಕಾದೀತು ಎಂಬ ಅರಿವು ಇರುವ ಕಡೆ ಆಡಳಿತ ಮಂಡಳಿ ವಜಾಕ್ಕೆ ಮೊದಲು ಎರಡು ಬಾರಿ ಯೋಚಿಸುತ್ತದೆ. ಈ ಒಂದು ವಿಷಯದಲ್ಲಿ ಕರ್ನಾಟಕದ ಕಾನೂನು ಬಹಳ ದೇಶಗಳಿಗಿಂತ ಮುಂದಿದೆ; ಅದನ್ನು ನೇಮಕ, ಬಡ್ತಿ ಮತ್ತು ಕರಾರು ನವೀಕರಣದ ದೂರುಗಳಿಗೂ ವಿಸ್ತರಿಸುವುದು ಶಾಸಕಾಂಗದ ಮುಂದಿರುವ ಕೆಲಸ. ಅಲ್ಲಿಯವರೆಗೆ ಶಿಕ್ಷಕರು ನೇಮಕಾತಿ ಆದೇಶ, ಸಂಬಳದ ಚೀಟಿ, ಹಾಜರಿಯ ಪ್ರತಿ, ಬಂದ ನೋಟಿಸ್, ಕೊಟ್ಟ ಉತ್ತರ ಇವನ್ನೆಲ್ಲ ಜೋಪಾನವಾಗಿ ಇಟ್ಟುಕೊಳ್ಳಬೇಕು, ಬಾಯಿಮಾತಿನ ಆದೇಶವನ್ನು ಒಪ್ಪದೆ ಬರಹದಲ್ಲಿ ಕೇಳಬೇಕು. ಕರ್ನಾಟಕದಲ್ಲಿ ವಜಾ ಅಥವಾ ಹಿಂಬಡ್ತಿಯ ಆದೇಶ ತಲುಪಿದ ದಿನದಿಂದ ಮೂರು ತಿಂಗಳೊಳಗೆ ಶೈಕ್ಷಣಿಕ ಮೇಲ್ಮನವಿ ನ್ಯಾಯಮಂಡಳಿಗೆ ಮೇಲ್ಮನವಿ ಸಲ್ಲಿಸಬೇಕು.